ಪಂಪಿಗೆ ಗಂಟೆ ಕಟ್ಟಿದ ಹುಡುಗಿ

ಸಾವಿನ ಮನೆಗೆ ನಮ್ಮಲ್ಲಿ ಊರ ಹೆಂಗಸರೇ ನೀರು ತಂದು ಹಾಕುತ್ತಾರೆ. ಅಂಗಳ ಗುಡಿಸಿ ನೆಂಟರನ್ನು ಕಳಿಸಿದ ಮಾರನೆಯ ಬೆಳಗ್ಗೆ ಅದು ನಿಲ್ಲುತ್ತದೆ. ಇವತ್ತು ನನ್ನ ಬಕೆಟ್ ಖಾಲಿ ಇದೆ. ಗಂಡ ಲುಂಬಾನಿಯನ್ನು ಮಣ್ಣು ಮಾಡಿದ ಮೇಲೆ ಮೊದಲ ಸಲ ನಾನೇ ನೀರಿಗೆ ಹೊರಟಿದ್ದೇನೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರಗಳ ಆಚೆಯಿಂದ ಸೈಕಲ್ ಗಂಟೆ ಕೇಳುತ್ತಿದೆ. ಆದರೆ ದಾರಿಯಲ್ಲಿ ಸೈಕಲ್ ಯಾವುದೂ ಇಲ್ಲ. ನಮ್ಮೂರಿನಲ್ಲಿ ಗಂಟೆ ಇರುವುದು ಕೈಪಂಪಿಗೆ.

ಪಂಪಿನ ಬಳಿ ಒಬ್ಬ ಹುಡುಗಿ ಸಿಮೆಂಟು ಕಟ್ಟೆಯ ಮೇಲೆ ಬೋರಲು ಮಲಗಿದ್ದಾಳೆ. ಕಿವಿ ಕಬ್ಬಿಣದ ಕೊಳವೆಗೆ ಅಂಟಿಕೊಂಡಿದೆ. ಮೇಲೆ ಚಾಚಿದ ಒಂದು ಕೈ ಪಂಪಿನ ಹಿಡಿಯನ್ನು ಒತ್ತುತ್ತಿದೆ. ಪ್ರತಿ ಒತ್ತಿಗೂ ಗಂಟೆ ಟ್ರಿಣ್ ಎನ್ನುತ್ತದೆ.

"ಒಂದ್ನಿಮಿಷ ಸುಮ್ನಿರಿ, ನೀರು ಮೇಲೆ ಬರ್ತಿದೆ," ಎನ್ನುತ್ತಾಳೆ ತಲೆಯೆತ್ತದೆ. ಆಮೇಲೆ ನನ್ನ ಕಾಲು ನೋಡಿ, ಮುಖ ನೋಡಿ, ದಡಬಡಿಸಿ ಏಳುತ್ತಾಳೆ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮಂಡಿಯೂರಿ ಕೈಹಿಡಿದು ಸಂತಾಪದ ಮಾತನ್ನು ಮೆಲ್ಲಗೆ ಹೇಳುತ್ತಾಳೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಳಗಿನ ಸಂಭ್ರಮ ತಡೆದುಕೊಳ್ಳಲಾಗದೆ ಹೊರಬರುತ್ತದೆ. "ಅಕ್ಕ, ನೀವು ನೋಡ್ಬೇಕಿತ್ತು. ಹೋದ ವಾರ ಹತ್ತು ಹನ್ನೆರಡು ಸಲ ಒತ್ತಿದ್ರೂ ಬರೀ ಗಾಳಿ. ಈಗ ನಾಲ್ಕೇ ಒತ್ತು. ನಾಲ್ಕೇ!"

ಉಲೆಮು ಅವಳ ಹೆಸರು. ವಯಸ್ಸು ಇಪ್ಪತ್ತೆರಡು. ದಕ್ಷಿಣದ ಬ್ಲಾಂಟೈರ್ ನಗರದ ಕ್ರೈಸ್ತ ಸಭೆಯೊಂದು ಪ್ರತಿ ಬೇಸಿಗೆಯಲ್ಲೂ ನಮ್ಮ ಮ್ಜಿಂಬಾ ಬಯಲಿಗೆ ಯುವಕ ಯುವತಿಯರ ಮಿಷನ್ ತಂಡವನ್ನು ಕಳಿಸುತ್ತದೆ. ಅವರು ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಮಲಗುತ್ತಾರೆ, ಹಾಡುತ್ತಾರೆ, ಮನೆಮನೆಗೆ ಹೋಗಿ ಪ್ರಾರ್ಥಿಸುತ್ತಾರೆ. ಪತ್ರಿಕೆಯೊಂದರ ವಾರಾಂತ್ಯದ ಪುರವಣಿಗೆ ಆ ತಂಡದ ಬಗ್ಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ತಿಂಗಳಾಗಿತ್ತು. ಹಾಡುವವರ ಬಗ್ಗೆ ಬರೆಯಬೇಕೆಂದಿದ್ದೆ. ಇಷ್ಟು ಬೆಳಗ್ಗೆ ಎದ್ದವಳು ಇವಳೊಬ್ಬಳೇ.

ಹಾಡುವುದಕ್ಕೇ ಬಂದವಳು ಅವಳೂ. ಮೊದಲ ವರ್ಷ ಎರಡನೆಯ ದಿನವೇ ಹಾಡುವವರ ಸಾಲಿನಿಂದ ಹೊರಬಿದ್ದಳು. "ಪಾಸ್ಟರ್ ಪಾಪ ನಯವಾಗೇ ಹೇಳಿದ್ರು. ಉಲೆಮು, ದೇವರಿಗೆ ನಿನ್ನ ಸ್ತುತಿ ಮನಸ್ಸಿನಲ್ಲೇ ಕೇಳುತ್ತೆ ಅಂದ್ರು," ಎಂದು ಬಿದ್ದುಬಿದ್ದು ನಗುತ್ತಾಳೆ. ಬೇರೆ ಕೆಲಸವಿಲ್ಲದೆ ನೀರು ತರಲು ಹೋದಳು. ಪಂಪು ಕೆಟ್ಟಿತ್ತು. ತಾಯಿಯ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಬದಲಿಸುತ್ತ ಬೆಳೆದ ಕೈ ಸುಮ್ಮನಿರಲಿಲ್ಲ. ಬಿಚ್ಚಿದಳು. ಅಂದಿನಿಂದ ಗೆಳೆಯರೆಲ್ಲ ಅವಳನ್ನು ಕರೆಯುವುದು ಗ್ರೀಸ್ ಸಿಸ್ಟರ್ ಎಂದು.

ನಮ್ಮ ಕಡೆಯ ಪಂಪುಗಳಿಗೆಲ್ಲ ಒಂದೊಂದು ಫಲಕವಿದೆ. ಕೊಳವೆಬಾವಿ ಕೊರೆಸಿಕೊಟ್ಟ ದೂರದ ಸಭೆಗಳ, ಸಂಘಗಳ ಹೆಸರು ಅದರಲ್ಲಿ ಕೊರೆದಿದೆ. ರಿಪೇರಿ ಮಾಡಿದವರಿಗೆ ಫಲಕವಿಲ್ಲ. ಬೀಳ್ಕೊಡುಗೆಯ ಆರಾಧನೆಯಲ್ಲಿ ಗಿಟಾರಿನವರಿಗೆ, ಅಡುಗೆಯವರಿಗೆ, ಚಾಲಕನಿಗೆ ಚಪ್ಪಾಳೆ ಸಿಗುತ್ತದೆ. ಉಲೆಮು ಆಗ ಶಾಲೆಯ ಹಿಂದೆ ಬೂದಿ ಹಾಕಿ ಕೈ ಉಜ್ಜುತ್ತಿರುತ್ತಾಳೆ.

"ಬೇಜಾರಾಗಲ್ವಾ?" ಎಂದು ಕೇಳುತ್ತೇನೆ.

"ಯಾಕೆ ಬೇಜಾರು? ಕೊಳವೆ ಒಳಗಿಂದ ನೀರು ಮೇಲೆ ಹತ್ತೋ ಸದ್ದು ಮೊದಲು ಕೇಳೋದು ನಾನು. ಆ ಗಿಟಾರಿನವರಿಗೆ ಅದು ಸಿಗುತ್ತಾ?"

ಪಂಪು ಬಿಚ್ಚುವ ಮೊದಲು ಅವಳು ಮಾಡುವ ಪ್ರಾರ್ಥನೆ ಬಹಳ ಚಿಕ್ಕದು. "ಕರ್ತನೇ, ವಾಶರ್ ಮಾತ್ರ ಆಗಿರಲಿ." ವಾಶರ್ ಹೋಗಿದ್ದರೆ ಅವಳ ಚೀಲದಲ್ಲಿ ಹೊಸದಿದೆ. ಕೊಳವೆಯೇ ಒಡೆದಿದ್ದರೆ ಅವಳ ಕೈಯಲ್ಲಿ ಏನೂ ಇಲ್ಲ.

ಗಂಟೆಯ ಕಥೆಯನ್ನು ಹೇಳಬೇಕಾದವಳು ನ್ಯಾಹಾರಾ ಅಜ್ಜಿ. ನಮ್ಮ ಪಂಪಿನ ಸಮಿತಿಗೆ ಅವಳೇ ದೊಡ್ಡವಳು. ಅವಳ ಬೈಗುಳ ತಿನ್ನದೆ ಯಾರೂ ಇಲ್ಲಿ ಬಕೆಟ್ ತುಂಬಿಸುವುದಿಲ್ಲ.

"ಈ ಹುಡುಗಿ ಮೊದಲ ಸಲ ಬಂದಾಗ ಏನ್ಮಾಡಿದ್ಲು ಕೇಳು," ಎನ್ನುತ್ತಾಳೆ ಅಜ್ಜಿ, ಬಟ್ಟೆಯ ಸಿಂಬೆಯನ್ನು ತಲೆಯ ಮೇಲಿಟ್ಟುಕೊಳ್ಳುತ್ತ. "ನಮ್ಮ ಪಂಪು ಮೊದಲು ಕಟಕಟ ಅಂತಿತ್ತು. ಇವಳು ಹಿಡಿಯ ಕೀಲಿಗೆ ಯಾವ್ದೋ ಹೊಸ ಬುಶ್ಶು ಹಾಕಿ ಅದರ ಬಾಯಿ ಕಟ್ಟಿಬಿಟ್ಲು. ಎಣ್ಣೆ ಹಾಗೆ ಓಡುತ್ತೆ ಅಜ್ಜಿ ಅಂತ ನನ್ನ ಮುಂದೆ ಕುಣಿದ್ಲು."

"ಕುಣಿದೆ," ಎಂದು ಉಲೆಮು ಒಪ್ಪಿಕೊಳ್ಳುತ್ತಾಳೆ.

"ಅವತ್ತಿಂದ ನಮ್ಮ ಪಾಡು ನಾಯಿಪಾಡು. ಮನೇಲಿ ಕೂತು ಕಟಕಟ ಕೇಳಿದ್ರೆ ಗೊತ್ತಾಗ್ತಿತ್ತು, ಸಾಲು ಇದೆಯೋ ಖಾಲಿ ಇದೆಯೋ ಅಂತ. ಸದ್ದು ನಿಂತ ಕೂಡ್ಲೇ ಓಡಿ ಬರ್ತಿದ್ವಿ. ಸದ್ದು ಹೋದ ಮೇಲೆ ಎಲ್ಲರೂ ಒಟ್ಟಿಗೇ ಬರೋದು, ಒಟ್ಟಿಗೇ ಕಾಯೋದು, ಒಟ್ಟಿಗೇ ಜಗಳ ಆಡೋದು."

ಹೆಂಗಸರು ಹಳೆಯ ಸವೆದ ಬುಶ್ಶನ್ನೇ ವಾಪಸು ಹಾಕು ಎಂದು ಉಲೆಮುವಿನ ಬೆನ್ನುಹತ್ತಿದರು. ಕೆಟ್ಟದ್ದನ್ನು ಮತ್ತೆ ಹಾಕಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಎರಡು ದಿನ ಊಟ ಮಾಡದೆ ಕುಳಿತಳಂತೆ. ಆಗ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಸೈಕಲ್ಲಿನ ಗಂಟೆ ಬಿಚ್ಚಿ ತಂದುಕೊಟ್ಟರು. ಅವಳು ಅದನ್ನು ಹಿಡಿಗೆ ತಂತಿಯಿಂದ ಕಟ್ಟಿದಳು. ಈಗ ಊರೆಲ್ಲ ಮನೆಯೊಳಗೇ ಕುಳಿತು ಸಾಲು ಲೆಕ್ಕ ಹಾಕುತ್ತದೆ.

ಆ ಮೇಷ್ಟ್ರು ಲುಂಬಾನಿ. ನಮ್ಮ ಸೈಕಲ್ಲಿಗೆ ಇವತ್ತಿಗೂ ಗಂಟೆಯಿಲ್ಲ.

ಶುಕ್ರವಾರ ಉಲೆಮು ಪಕ್ಕದ ಊರು ಕಾಪಿರಿಗೆ ಹೊರಡುತ್ತಾಳೆ. ನಾನೂ ಹಿಂದೆ ಹೋಗುತ್ತೇನೆ. ನ್ಯಾಹಾರಾ ಅಜ್ಜಿ ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಹತ್ತಿ ಕೂರುತ್ತಾಳೆ. ಮಗಳನ್ನು ಕೊಟ್ಟಿರುವುದು ಕಾಪಿರಿಗೇ. ಆ ಊರಿನ ಪಂಪು ಎರಡು ಬೇಸಿಗೆಯಿಂದ ಸತ್ತಿದೆ. ಹೆಂಗಸರು ತಗ್ಗಿನ ಜೌಗಿನಲ್ಲಿ ಗುಂಡಿ ತೋಡಿ, ದನಗಳ ಜೊತೆ ನೀರು ಹಂಚಿಕೊಳ್ಳುತ್ತಾರೆ. ತಂಡದ ಲಾರಿ ಭಾನುವಾರ ಆರಾಧನೆ ಮುಗಿದ ಕೂಡಲೇ ಬ್ಲಾಂಟೈರ್‌ಗೆ ಹೊರಡುತ್ತದೆ. ಅಷ್ಟರೊಳಗೆ ಪಂಪು ಬಿಚ್ಚದಿದ್ದರೆ ಕಾಪಿರಿ ಮತ್ತೊಂದು ವರ್ಷ ಜೌಗಿನ ನೀರೇ ಕುಡಿಯಬೇಕು.

ಪಂಪಿನ ತಲೆಯ ನಟ್ಟು ತುಕ್ಕು ಹಿಡಿದು ಕಲ್ಲಾಗಿದೆ. ಉಲೆಮು ಚೀಲದಿಂದ ತೆಗೆದದ್ದು ಊರಿನ ಕಮ್ಮಾರ ಹಳೆಯ ಲಾರಿ ಕಬ್ಬಿಣ ಬಡಿದು ಮಾಡಿಕೊಟ್ಟ ಸ್ಪ್ಯಾನರ್. ಅದು ಕಚ್ಚುವುದಿಲ್ಲ, ಜಾರುತ್ತದೆ. ಮತ್ತೆ ಹಾಕುತ್ತಾಳೆ, ಮತ್ತೆ ಜಾರುತ್ತದೆ. ಮೂರನೆಯ ಸಲ ಬೆರಳಿನ ಗೆಣ್ಣು ಕಿತ್ತು ರಕ್ತ ಬರುತ್ತದೆ.

"ಇನ್ನೊಂದೆರಡು ಸಲ ಜಾರಿದ್ರೆ ನಟ್ಟಿನ ಮೂಲೆಗಳೇ ಹೋಗ್ತವೆ," ಎಂದು ಅವಳು ಸ್ಪ್ಯಾನರನ್ನು ಕೆಳಗಿಡುತ್ತಾಳೆ. ಇಷ್ಟು ಹೊತ್ತಿಗೆ ಮೊದಲ ಸಲ ಅವಳ ದನಿ ಇಳಿದಿದೆ. "ಆಮೇಲೆ ಯಾರಿಂದಲೂ ಬಿಚ್ಚೋಕಾಗಲ್ಲ."

"ಪಂಪಿಗೆಂದೇ ಬರುವ ಸ್ಪ್ಯಾನರ್ ಇಲ್ವಾ?" ಎಂದು ಕೇಳುತ್ತೇನೆ.

ಉಲೆಮು ಗಾಯವನ್ನು ಬಾಯಲ್ಲಿಟ್ಟುಕೊಂಡು ಬೇರೆಲ್ಲೋ ನೋಡುತ್ತಾಳೆ. ಕಾಪಿರಿಯ ಹೆಂಗಸರು ಬಕೆಟ್‌ಗಳನ್ನು ನೋಡುತ್ತಾರೆ. ಕೊನೆಗೆ ನ್ಯಾಹಾರಾ ಅಜ್ಜಿಗೆ ತಡೆಯಲಾಗುವುದಿಲ್ಲ.

"ಇವಳು ಹೇಳಲ್ಲ. ಬೇಕಾದ್ರೆ ಹಲ್ಲಲ್ಲಿ ನಟ್ಟು ಕಚ್ತಾಳೆ. ನಾನೇ ಹೇಳ್ತೀನಿ. ಸ್ಪ್ಯಾನರ್ ನಿನ್ನ ಮನೇಲಿದೆ ಕಣೇ. ನಿನ್ನ ಗಂಡ ಇಸ್ಕೊಂಡಿದ್ದ."

"ಅಜ್ಜಿ, ಬಿಡಿ," ಎನ್ನುತ್ತಾಳೆ ಉಲೆಮು.

"ಏನು ಬಿಡೋದು? ನನ್ನ ಮಗಳು ದನದ ಜೊತೆ ನೀರು ಕುಡೀತಾ ಇರ್ಲಾ?"

ನಮ್ಮಲ್ಲಿ ಸಾವಿನ ಮನೆಯಿಂದ ಯಾರೂ ತಮ್ಮ ವಸ್ತು ಕೇಳುವುದಿಲ್ಲ. ಆ ಮನೆಯವರೇ ತಂದುಕೊಡಬೇಕು. ಈ ಪದ್ಧತಿ ಬ್ಲಾಂಟೈರ್‌ನ ಹುಡುಗಿಗೂ ತಿಳಿದಿತ್ತು. ಶಾಲೆಯ ಮರಕ್ಕೆ ನೇತುಹಾಕಿದ ಲಾರಿಯ ಚಕ್ರವೇ ನಮ್ಮ ಶಾಲೆಯ ಗಂಟೆ. ಅದರ ಬೋಲ್ಟು ಸಡಿಲವಾಗಿತ್ತು. ಅದನ್ನು ಬಿಗಿಮಾಡಲು ಲುಂಬಾನಿ ಒಂದು ಬುಧವಾರ ಉಲೆಮುವಿನಿಂದ ಸ್ಪ್ಯಾನರ್ ಇಸಿದುಕೊಂಡ, ಶನಿವಾರ ಕೊಡುತ್ತೇನೆ ಎಂದ. ಗುರುವಾರ ಜ್ವರ ಬಂತು. ಆ ಶನಿವಾರ ಅವನಿಗೆ ಪ್ರಜ್ಞೆ ಇರಲಿಲ್ಲ. ಭಾನುವಾರ ತೀರಿಕೊಂಡ.

ಅವನ ಸಾಮಾನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದೆ. ಅದನ್ನು ನೆಂಟರಿಗೆ ಹಂಚುವ ದಿನ ಬರುವ ತನಕ ಬೀಗದ ಕೈ ಲುಂಬಾನಿಯ ಅಣ್ಣ, ನನ್ನ ಭಾವನ ಬಳಿ ಇರುತ್ತದೆ.

ಸಂಜೆ ಭಾವ ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದಾರೆ.

"ಪೆಟ್ಟಿಗೆ ತೆಗೀಬೇಕು, ಭಾವ."

"ಇಷ್ಟು ಬೇಗ?"

"ಅದರಲ್ಲಿ ಬೇರೆಯವರ ಸ್ಪ್ಯಾನರ್ ಇದೆ."

"ಇವತ್ತು ಸ್ಪ್ಯಾನರ್ ಅಂತೀಯ. ನಾಳೆ ಅವನ ಕೋಟು ಅಂತೀಯ."

"ಕೋಟು ನಿಮಗೇ ಇರ್ಲಿ."

"ಕೋಟು ನಂಗೆ ಬೇಕು ಅಂತ ನಾನನ್ಲಿಲ್ಲ," ಎಂದು ಅವರು ಕಾವನ್ನು ಇನ್ನೆರಡು ಏಟು ಬಡಿಯುತ್ತಾರೆ. "ಹಂಚೋ ದಿನಕ್ಕೆ ಮೊದ್ಲು ಸತ್ತವನ ವಸ್ತು ಮುಟ್ಟಬಾರದು. ನಾನು ಮಾಡಿದ ಕಾನೂನಲ್ಲ ಅದು."

"ಅವರದ್ದಾಗಿದ್ರೆ ನಾನೂ ಮುಟ್ತಿರಲಿಲ್ಲ. ಇಸ್ಕೊಂಡಿದ್ದು ಅವರದ್ದು ಹೇಗಾಗುತ್ತೆ? ಹಂಚೋ ದಿನ ಅದು ನಿಮ್ಮ ಪಾಲಿಗೆ ಬಂದ್ರೆ ಕಾಪಿರಿ ಹೆಂಗಸರು ಯಾರ ಬಾಗಿಲಿಗೆ ಬರ್ತಾರೆ?"

ಭಾವ ಸುತ್ತಿಗೆ ಕೆಳಗಿಟ್ಟು ಯೋಚಿಸುತ್ತಾರೆ. "ಆ ನ್ಯಾಹಾರಾ ಮುದುಕಿನೂ ಬರ್ತಾಳಾ?"

"ಅವಳೇ ಮುಂದೆ."

ಅವರು ಎದ್ದು ಬೀಗದ ಕೈ ತರುತ್ತಾರೆ. ಸ್ಪ್ಯಾನರ್ ಶಾಲೆಯ ಬೋರ್ಡು ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅದನ್ನು ತೆಗೆದುಕೊಂಡೆ. ಉಳಿದದ್ದನ್ನು ನೋಡಲಿಲ್ಲ.

ಶನಿವಾರ ಸೂರ್ಯ ಹುಟ್ಟುವ ಮೊದಲೇ ನಾನು ಕಾಪಿರಿಯ ದಾರಿಯಲ್ಲಿದ್ದೇನೆ. ಸತ್ತ ಪಂಪಿನ ಮುಂದೆ ಆಗಲೇ ಬಕೆಟ್‌ಗಳ ಸಾಲು ನಿಂತಿದೆ. ನನ್ನ ಸೈಕಲ್ಲನ್ನು ಮೊದಲು ಕಂಡವಳು ನ್ಯಾಹಾರಾ ಅಜ್ಜಿ. ನಾನು ಇಳಿಯುವ ಮೊದಲೇ ಕ್ಯಾರಿಯರಿನಿಂದ ಬಟ್ಟೆಯ ಗಂಟನ್ನು ಕಸಿದುಕೊಂಡು ಓಡುತ್ತಾಳೆ. ಅವಳು ಓಡಿದ್ದನ್ನು ನಾನು ಇದೇ ಮೊದಲು ನೋಡಿದ್ದು. ಗಂಟು ಕೈಯಿಂದ ಕೈಗೆ ಹಾರಿ ಉಲೆಮುವಿನ ಕೈ ಸೇರುತ್ತದೆ.

"ಕರ್ತನೇ, ವಾಶರ್ ಮಾತ್ರ," ಎನ್ನುತ್ತಾಳೆ ಅವಳು.

"ಆಮೆನ್. ಬೇಗ ತಿರುಗ್ಸು," ಎನ್ನುತ್ತಾಳೆ ಅಜ್ಜಿ.

ಸ್ಪ್ಯಾನರ್ ನಟ್ಟನ್ನು ಕಚ್ಚುತ್ತದೆ. ಅದರ ಅಡ್ಡಹಿಡಿಗೆ ಒಂದು ಕಡೆ ಉಲೆಮು, ಇನ್ನೊಂದು ಕಡೆ ಇಬ್ಬರು ಹೆಂಗಸರು ಜೋತುಬೀಳುತ್ತಾರೆ. ಏನೂ ಅಲುಗುವುದಿಲ್ಲ. ಅಜ್ಜಿಯ ಮಗಳು ಬಂದು ಸೇರುತ್ತಾಳೆ. ಕಬ್ಬಿಣ ಕಿರ್ರೆಂದು ಚೀರಿ ನಟ್ಟು ತಿರುಗುತ್ತದೆ, ನಾಲ್ವರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎಲ್ಲರಿಗಿಂತ ಕೆಳಗಿನಿಂದ ಉಲೆಮುವಿನ ನಗು ಕೇಳುತ್ತದೆ.

ಆಮೇಲೆ ಎಲ್ಲವೂ ಬೇಗ ನಡೆಯುತ್ತದೆ. ಒಂದಕ್ಕೊಂದು ಕೊಂಡಿ ಹಾಕಿದ ಉದ್ದನೆಯ ಸರಳುಗಳು ಕೊಳವೆಯೊಳಗಿನಿಂದ ಮೇಲೆ ಬರುತ್ತವೆ. ಹೆಂಗಸರು ಜೋಳ ಕುಟ್ಟುವ ಹಾಡು ಹೇಳುತ್ತ ಒಂದೊಂದನ್ನೇ ಹೆಗಲ ಮೇಲೆ ಹೊತ್ತು ಹುಲ್ಲಿನ ಮೇಲೆ ಮಲಗಿಸುತ್ತಾರೆ. ಉಲೆಮುವೂ ಹಾಡುತ್ತಾಳೆ, ಅಪಸ್ವರದಲ್ಲಿ, ಗಂಟಲು ಬಿಚ್ಚಿ. ಇಲ್ಲಿ ಅವಳನ್ನು ಸಾಲಿನಿಂದ ಹೊರಗೆ ಹಾಕುವವರಿಲ್ಲ. ಕೊನೆಯ ಸರಳಿನ ತುದಿಯಲ್ಲಿ ಹಳೆಯ ವಾಶರ್ ಸವೆದ ಚಪ್ಪಲಿಯ ಪಟ್ಟಿಯಂತೆ ಜೋತಾಡುತ್ತಿದೆ. ಅವಳು ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾಳೆ.

"ವಾಶರ್! ಬರೀ ವಾಶರ್!"

ಹೊಸದನ್ನು ಹಾಕಿ ಎಲ್ಲವನ್ನೂ ಮತ್ತೆ ಇಳಿಸಿ ಮುಚ್ಚಳ ಬಿಗಿಯುವ ಹೊತ್ತಿಗೆ ಬಿಸಿಲು ಏರಿದೆ. ಅಜ್ಜಿಯ ಮಗಳು ಹಿಡಿ ಒತ್ತುತ್ತಾಳೆ. ಉಲೆಮು ಕಟ್ಟೆಯ ಮೇಲೆ ಬೋರಲು ಮಲಗಿ ಕಿವಿಯಿಡುತ್ತಾಳೆ. ಮೊದಲು ಗಾಳಿ. ಆಮೇಲೆ ಕೆಮ್ಮಿದ ಹಾಗೆ ಕೆಂಪು ರಾಡಿ. "ಬರ್ತಿದೆ, ನಿಲ್ಲಿಸ್ಬೇಡಿ, ಹತ್ತುತ್ತಿದೆ," ಎಂದು ಅವಳು ನೆಲ ಬಡಿಯುತ್ತಾಳೆ. ನೀರು ಅವಳ ಬೆನ್ನ ಮೇಲೇ ಧುಮುಕುತ್ತದೆ. ಹೆಂಗಸರು ನಾಲಿಗೆಯಾಡಿಸಿ ಎತ್ತಿದ ಕೂಗು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಲುಂಬಾನಿ ತೀರಿಕೊಂಡಾಗಿನಿಂದ ನನ್ನ ಕಿವಿಗೆ ಎಲ್ಲ ಸದ್ದೂ ಗೋಡೆಯ ಆಚೆಯಿಂದ ಬಂದಂತಿತ್ತು. ಇದು ಹತ್ತಿರದಲ್ಲೇ ಕೇಳಿಸಿತು.

ಬಕೆಟ್‌ಗಳು ತುಂಬುತ್ತವೆ. ಅಜ್ಜಿಯ ಮಗಳು ಹಿಡಿಯನ್ನು ತಡವಿ ನೋಡಿ ಮುಖ ಗಂಟಿಕ್ಕುತ್ತಾಳೆ. "ಗಂಟೆ ಎಲ್ಲಿ? ಅಮ್ಮನ ಊರಿನ ಪಂಪಿಗೆ ಮಾತ್ರಾನಾ ಗಂಟೆ?"

"ನೋಡಿದ್ರಾ ಅಕ್ಕ, ಎರಡು ವರ್ಷ ನೀರಿರಲಿಲ್ಲ, ಬಂದ ಕೂಡ್ಲೇ ಗಂಟೆ ಕೇಳ್ತಾರೆ," ಎಂದು ಉಲೆಮು ಕೂದಲಿನ ನೀರು ಹಿಂಡುತ್ತಾಳೆ. ಮನೆಗೆ ಹೋದರೆ ಅಮ್ಮ ಏನು ಕೇಳುತ್ತಾಳೆ ಎಂದು ನಾನು ಕೇಳಿದರೆ ನಗುತ್ತಾಳೆ. "ಎಷ್ಟು ಜನರನ್ನ ದೇವರ ಹತ್ರ ಕರ್ಕೊಂಡು ಬಂದೆ ಅಂತಾಳೆ. ನಾನು ಲೆಕ್ಕ ಇಡ್ಲಿಲ್ಲಮ್ಮ, ಎಲ್ಲರೂ ಬಕೆಟ್ ಹಿಡ್ಕೊಂಡು ಅವಸರದಲ್ಲಿದ್ರು ಅಂತೀನಿ. ಮುಂದಿನ ವರ್ಷಕ್ಕೆ ನಂಗೊಂದೇ ಆಸೆ. ಒಂದು ಚೀಲ ತುಂಬ ಸೈಕಲ್ ಗಂಟೆ ತರ್ಬೇಕು."

ಅವಳು ಸ್ಪ್ಯಾನರನ್ನು ಚೆನ್ನಾಗಿ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ ನನ್ನ ಕಡೆ ಚಾಚುತ್ತಾಳೆ. ಒಂದು ಕ್ಷಣ ನನಗೆ ಅರ್ಥವಾಗುವುದಿಲ್ಲ. ಆಮೇಲೆ ಆಗುತ್ತದೆ. ಅಜ್ಜಿ ಕಸಿದುಕೊಂಡು ಓಡಿದ್ದರಿಂದ ನಮ್ಮ ಮನೆ ಅದನ್ನು ಇನ್ನೂ ಹಿಂತಿರುಗಿಸಿಲ್ಲ. ಹೆಂಗಸರು ಜಾಗ ಬಿಡುತ್ತಾರೆ.

ನಾನು ಅದನ್ನು ತೆಗೆದುಕೊಂಡು ಒದ್ದೆ ಕಟ್ಟೆಯ ಮೇಲೆ ಮಂಡಿಯೂರಿ ಅವಳ ಮುಂದೆ ಹಿಡಿಯುತ್ತೇನೆ.

"ನಮ್ಮ ಮನೆಯವರು ಇದನ್ನ ನಿನ್ನಿಂದ ಇಸ್ಕೊಂಡಿದ್ರು. ಶನಿವಾರ ಕೊಡ್ತೀನಿ ಅಂದಿದ್ರಂತೆ."

ಉಲೆಮುವೂ ಮಂಡಿಯೂರಿ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾಳೆ.

"ಹೌದು ಅಕ್ಕ," ಎನ್ನುತ್ತಾಳೆ. "ಇವತ್ತು ಶನಿವಾರವೇ."