ಆಟಕ್ಕೆ ಬೆನ್ನು ಹಾಕಿದ ಕುರ್ಚಿಗಳು

ಅಥವಾ ಅಲ್ಲಿಂದ ಸಮುದ್ರ ಕಾಣುತ್ತಲೇ ಇರಲಿಲ್ಲವೇನೋ. ನಮ್ಮ ಕಾಲೇಜು ಮೈದಾನದ ಮೂರನೇ ಮೆಟ್ಟಿಲಲ್ಲಿ ಕೂತರೆ ಎದುರಿಗೆ ಗೋಲುಕಂಬ, ಎಡಕ್ಕೆ ಸಮುದ್ರ ಎಂದು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಸಮುದ್ರವನ್ನು ತೆಗೆದರೆ ಮೈದಾನವೂ ಕುಸಿದೀತು. ಕಳೆದ ರಜೆಯಲ್ಲಿ ಹೋಗಿ ನೋಡಿದೆ. ಎಡಕ್ಕೆ ಇರುವುದು ಹುಡುಗಿಯರ ಹಾಸ್ಟೆಲ್. ಹಳೆಯ ಕಟ್ಟಡ, ನಮ್ಮ ಕಾಲಕ್ಕಿಂತಲೂ ಹಳೆಯದು. ನಾವು ಅಷ್ಟು ಹೊತ್ತು ಆ ಕಡೆ ನೋಡುತ್ತ ಕೂರುತ್ತಿದ್ದದ್ದು ಸಮುದ್ರವನ್ನಲ್ಲ ಎಂದು ಆಗ ಹೊಳೆಯಿತು.

ಆ ಮೈದಾನದಲ್ಲೇ ನನ್ನ ಭಾವ ಅಂತರ ಕಾಲೇಜು ಫೈನಲಿನ ಗೋಲು ಹೊಡೆದದ್ದು. ಆಗ ಅವರು ನನ್ನ ಭಾವ ಅಲ್ಲ, ಎರಡು ವರ್ಷ ಸೀನಿಯರ್. ನಾನು ಮೂರನೇ ಮೆಟ್ಟಿಲಲ್ಲಿದ್ದೆ. ಚೆಂಡು ಬಲೆಗೆ ಬಿದ್ದದ್ದನ್ನು ನೋಡಿದ್ದೇನೆ. ಆದರೆ ಆ ನೆನಪಿನಲ್ಲೂ ಎಡಕ್ಕೆ ಸಮುದ್ರವಿದೆ. ಹಾಗಾಗಿ ಗೋಲನ್ನು ಎಷ್ಟು ನಂಬಬಹುದು ಎಂಬುದು ಪ್ರಶ್ನೆ.

ಈ ಪ್ರಶ್ನೆ ನನ್ನದಲ್ಲ, ಭಾವನ ಮಗಳದು. ಬಹ್ರೈನಿನ ಈಸಾ ಟೌನಿನ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಬುಸೈತೀನಿನ ಅವರ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಾಗ ಅವಳು ಫೋನು ತೋರಿಸಿದಳು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ನೋಡಲು ಹೋಗಲೇಬೇಕಾದ ಕ್ರೀಡಾಂಗಣಗಳ ಪಟ್ಟಿ. ಒಂದೊಂದರಲ್ಲೂ ಒಂದು ಊರಿಗೆ ಊರೇ ಒಂದೇ ಬಣ್ಣದ ಅಂಗಿ ಹಾಕಿ ಕೂತಿತ್ತು.

ಭಾವ ಕನ್ನಡಕ ಏರಿಸಿ ನೋಡಿದರು. "ಬಾಲನ್ನು ಮಗುವಿನ ಹಾಗೆ ಎತ್ತಿಕೊಂಡು ಓಡುದಾ? ಇದಕ್ಕೆ ಇಷ್ಟು ಜನವಾ? ತಲೆಗೆ ಹೆಲ್ಮೆಟ್ ಬೇರೆ. ಬೈಕ್ ಎಲ್ಲಿ ಉಂಟು?"

"ಪಪ್ಪ, ದೇ ಆರ್ ಸ್ಟೂಡೆಂಟ್ಸ್. ಕಾಲೇಜ್ ಟೀಮ್."

"ನಾನೂ ಕಾಲೇಜ್ ಟೀಮೇ. ಫೈನಲಲ್ಲಿ ಗೋಲು ಹೊಡೆದವ."

"ಯಾವ ಕಾಲಲ್ಲಿ? ಕ್ರಿಸ್ಮಸ್‌ಗೆ ಲೆಫ್ಟ್ ಅಂತ ಹೇಳಿದ್ರಿ. ಈಸ್ಟರ್‌ಗೆ ಹೆಡರ್ ಆಗಿತ್ತು." ನನ್ನ ಕಡೆ ತಿರುಗಿದಳು. "ಮಾಮ, ಪ್ರೂಫ್ ಉಂಟಾ?"

ಮನೆಮಾತು ಕೊಂಕಣಿ. ಅವಳದು ಮುಕ್ಕಾಲು ಇಂಗ್ಲಿಷು. ಅದನ್ನು ಕನ್ನಡದಲ್ಲಿ ಬರೆಯುವಾಗಲೇ ಇಲ್ಲಿ ಒಂದಿಷ್ಟು ಕಲಬೆರಕೆಯಾಗಿದೆ, ಗಮನಿಸಬೇಕು. ಪ್ರೂಫ್ ಎಂಬ ಮಾತು ಮಾತ್ರ ಅವಳದೇ.

ನಾನು "ನೋಡಿದ್ದೇನೆ" ಎಂದೆ. ಅವಳು ನಕ್ಕಳು. ಸಾಕ್ಷಿ ಹೇಳಲು ಕರೆತಂದ ಭಾವಮೈದನನ್ನು ನೋಡಿ ಯಾರಾದರೂ ನಗುವ ಹಾಗೆ.

ಕೆಳಗೆ ಕಾರಿನವರೆಗೆ ಬಂದ ಭಾವ ಹೇಳಿದರು, "ಅವಳು ಈಗ ನಾನು ಹೇಳುದು ಒಂದನ್ನೂ ನಂಬುದಿಲ್ಲ ಮಾರಾಯ. ಗೋಲು ಬಿಡು, ಅಂಗಡಿಯಲ್ಲಿ ಲೇಟಾಯ್ತು ಅಂದ್ರೂ ಮುಖ ನೋಡ್ತಾಳೆ. ಈ ಸಲ ನಮ್ಮ ಮ್ಯಾಚಿಗೆ ಕರ್ಕೊಂಡು ಬರ್ತೇನೆ. ಅವಳ ಎದುರು ಒಂದು ಗೋಲು. ಮತ್ತೆ ಶೂ ಕಟ್ಟಿ ಇಡ್ತೇನೆ, ಮೊಣಕಾಲು ಮುಗೀತು."

ನಮ್ಮ ಮ್ಯಾಚು ಎಂದರೆ, ಊರಿನ ಎರಡು ಎದುರಾಳಿ ಕಾಲೇಜುಗಳ ಹಳೆ ವಿದ್ಯಾರ್ಥಿಗಳು ಬಹ್ರೈನಿನಲ್ಲಿ ವರ್ಷಕ್ಕೊಮ್ಮೆ ಆಡುವ ಆಟ. ಹೊಟ್ಟೆಗಳು ಮುಂದೆ, ಆಟಗಾರರು ಹಿಂದೆ. ಆಟಕ್ಕೊಂದು ಸ್ಮರಣ ಸಂಚಿಕೆ ಇರಲೇಬೇಕು. ಬರೆಯುವವನೆಂದು ಸಂಘದಲ್ಲಿ ನನ್ನ ಮೇಲೆ ಆರೋಪವಿರುವುದರಿಂದ ಕಾರ್ಯದರ್ಶಿ ಫೋನು ಮಾಡಿದರು. ಕಾಲೇಜು ಫುಟ್‌ಬಾಲ್ ನೋಡಲು ಉತ್ತಮ ಮೈದಾನಗಳು ಎಂದು ನಾನೇ ವಿಷಯ ಸೂಚಿಸಿದೆ.

"ಬರೀರಿ ಬರೀರಿ. ಎರಡು ಪುಟ. ನಡುವೆ ಟೈರಿನ ಜಾಹೀರಾತು ಬರ್ತದೆ, ಅಡ್ಜಸ್ಟ್ ಮಾಡಿ."

ನಮ್ಮ ಕಾಲೇಜಿನ ಮೈದಾನಕ್ಕೆ ಮೊದಲ ಸ್ಥಾನ ಕೊಟ್ಟೆ, ಸಮುದ್ರ ಸಮೇತ. ಎದುರಾಳಿ ಕಾಲೇಜಿನದು ಗುಡ್ಡದ ಮೇಲೆ. ಚೆಂಡು ಇಳಿಜಾರಿಗೆ ಉರುಳಿದರೆ ಅದನ್ನು ತರುವವರೆಗೆ ವಿರಾಮ, ಪ್ರೇಮಿಗಳಿಗೆ ಅನುಕೂಲ. ಬುಸೈತೀನಿನಲ್ಲಿ ವಿಲ್ಲಾಗಳ ನಡುವಿನ ಖಾಲಿ ಜಾಗ. ಚೆಂಡು ಕಾಂಪೌಂಡಿನೊಳಗೆ ಬಿದ್ದರೆ ಬೆಲ್ಲು ಒತ್ತಿ, ಸಲಾಂ ಹೇಳಿ, ಮನೆಯವರ ಕುಶಲ ವಿಚಾರಿಸಿಯೇ ಬೇಡಬೇಕು. ಅಷ್ಟರಲ್ಲಿ ಅರಬ್ಬರ ಕಾಫಿ ಖಹ್ವಾ ಬಂದರೆ ಗೋಲ್‌ಕೀಪರೊಬ್ಬ ಕಡಿಮೆ. ಸನದ್‌ನಲ್ಲಿ ಗಂಟೆಗೆ ಬಾಡಿಗೆಗೆ ಸಿಗುವ, ಸುತ್ತ ಬಲೆ ಕಟ್ಟಿದ ಹುಲ್ಲುಹಾಸು. ಹುಲ್ಲು ಪ್ಲಾಸ್ಟಿಕ್ಕು, ಸೆಕೆ ಅಸಲಿ.

ಅಚ್ಚಾಗಿ ಬಂದಾಗ ಸನದ್ ಮೊದಲನೆಯ ಸ್ಥಾನಕ್ಕೇರಿತ್ತು. "ಫಂಕ್ಷನ್ ಅಲ್ಲಿಯೇ ಅಲ್ವಾ," ಎಂದರು ಕಾರ್ಯದರ್ಶಿ. ಸಮುದ್ರವನ್ನು ಟೈರು ನುಂಗಿತ್ತು.

ಶುಕ್ರವಾರ ಮಧ್ಯಾಹ್ನದ ಮೇಲೆ ಸನದ್ ತಲುಪಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಲೆಯಾಚೆ ಅಂಚಿನಲ್ಲಿ ವೇದಿಕೆ. ವೇದಿಕೆಗೂ ಮೈದಾನಕ್ಕೂ ನಡುವೆ ಸಾಲಾಗಿ ಕುರ್ಚಿ. ಕುರ್ಚಿಗಳೆಲ್ಲ ವೇದಿಕೆಗೆ ಮುಖ, ಆಟಕ್ಕೆ ಬೆನ್ನು. ಆಟ ಕಾಣುವುದು ವೇದಿಕೆಯ ಸೋಫಾದಲ್ಲಿ ಕೂತವರಿಗೆ ಮಾತ್ರ. ಯಾರಿಗೂ ಇದು ವಿಚಿತ್ರ ಅನಿಸಿದಂತಿರಲಿಲ್ಲ. ನನಗೂ ತಕ್ಷಣ ಅನಿಸಿತೋ, ಇಂದು ಬರೆಯುವಾಗ ಅನಿಸಿತೋ.

ಭಾವನ ಮಗಳಿಗೆ ಅನಿಸಿತು. ಕೊನೆಯ ಸಾಲಿನಲ್ಲಿ ತನ್ನ ಕುರ್ಚಿಯನ್ನು ಹಿಂದೆ ತಿರುಗಿಸಿ ಮೈದಾನದ ಕಡೆ ಕೂತಳು. ಕಾರ್ಯದರ್ಶಿ ಓಡಿ ಬಂದರು.

"ಮಗಾ, ಈಚೆ ತಿರುಗು. ಫೋಟೋ ಚಂದ ಬರುದಿಲ್ಲ."

"ಅಂಕಲ್, ಗೇಮ್ ಆಚೆ ಉಂಟು."

"ಗೇಮ್ ಎಲ್ಲಿ ಹೋಗ್ತದೆ? ಚೀಫ್ ಗೆಸ್ಟ್ ಬಂದ್ರು," ಎಂದು ಅವರೇ ಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿದರು.

ಮುಖ್ಯ ಅತಿಥಿ ಒಬ್ಬ ಹೋಟೆಲು ಮಾಲಕರು, ಊಟ ಅವರದು. ತಡವಾಗಿ ಬಂದರು. ಮೈದಾನದ ಬಾಡಿಗೆಯ ಹೊತ್ತು ಮುಗಿಯುತ್ತ ಬಂದಿತ್ತು. ನಮ್ಮ ನಂತರದ ಸರದಿಯ ಹುಡುಗರು ಶೂ ಕಟ್ಟಿ ಗೇಟಿನಲ್ಲಿ ಕಾಯುತ್ತಿದ್ದರು. ಹೀಗಾಗಿ ಆಟವೂ ಸನ್ಮಾನವೂ ಒಟ್ಟಿಗೆ ನಡೆಯಲಿ ಎಂದು ತೀರ್ಮಾನವಾಯಿತು. ಸನ್ಮಾನಪತ್ರ ಬರೆದವನು ನಾನೇ, ಓದಬೇಕಾದವನೂ ನಾನೇ. ಸೋಫಾದ ಅತಿಥಿಯ ಕಡೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ ನಿಂತು, "ಕೊಡುಗೈ ದಾನಿಗಳೂ, ಕ್ರೀಡಾಪ್ರೇಮಿಗಳೂ" ಎಂದು ಶುರು ಮಾಡಿದೆ. ಹಿಂದೆ ಯಾರದೋ ಏದುಸಿರು, "ಪಾಸ್, ಪಾಸ್ ಕೊಡು ಮಾರಾಯ" ಎಂಬ ಭಾವನ ಕೂಗು ಕೇಳುತ್ತಿತ್ತು. ಶಾಲು ಹೊದೆಸಿದರು. ಪೇಟ ದೊಡ್ಡದಿತ್ತು, ಅತಿಥಿಯ ಹುಬ್ಬು ದಾಟಿ ಕಣ್ಣಿಗಿಳಿಯಿತು. ಆಟ ಕಾಣಬಹುದಾಗಿದ್ದ ಎರಡೇ ಎರಡು ಕಣ್ಣುಗಳು ಮುಚ್ಚಿದ್ದು ಆಗ. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಶಿಳ್ಳೆ.

ತಿರುಗಿ ನೋಡಿದೆ. ಚೆಂಡು ಬಲೆಯೊಳಗಿತ್ತು. ಗೋಲಿನೆದುರು ನಾಲ್ಕು ಜನ ಬಿದ್ದಿದ್ದರು, ಅದರಲ್ಲೊಬ್ಬರು ಭಾವ. ಎದ್ದು, ಎರಡೂ ಕೈ ಮೇಲೆತ್ತಿದರು. ಪಕ್ಕದಲ್ಲಿ ಎದ್ದ ಎದುರಾಳಿ ತನ್ನ ಹೊಟ್ಟೆ ತೋರಿಸಿ, "ಇಲ್ಲಿಗೆ ತಾಗಿ ಹೋದದ್ದು, ಸ್ವಂತ ಗೋಲು, ಇವರದಲ್ಲ" ಎಂದ. ಪರಾಭವವನ್ನು ಹೊಟ್ಟೆಯ ಮೇಲೆ ಹಾಕಿಕೊಳ್ಳುವಷ್ಟು ಹಳೆಯ ದ್ವೇಷ. ತೀರ್ಪುಗಾರರು ಗೋಲು ಕೊಟ್ಟರು. ಯಾರದೆಂದು ಕೇಳಿದ್ದಕ್ಕೆ, "ನೀವೇ ಇತ್ಯರ್ಥ ಮಾಡ್ಕೊಳ್ಳಿ" ಎಂದು ಶಿಳ್ಳೆ ಜೇಬಿಗೆ ಹಾಕಿದರು. ಗೇಟಿನ ಹುಡುಗರು ಒಳಗೆ ಬಂದರು.

ಭಾವನ ಮಗಳ ಕುರ್ಚಿ ಮತ್ತೆ ಮೈದಾನದ ಕಡೆ ತಿರುಗಿತ್ತು. ಆದರೆ ಖಾಲಿ. ಅವಳು ಮೈದಾನದ ಅಂಚಿನ ಬಲೆಯ ಬದಿಯಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ತಿಂದ ಸಮೋಸ. ಸಮೋಸದ ಮೇಜು ವೇದಿಕೆಯ ಹಿಂದಿತ್ತು. ಅಲ್ಲಿಂದ ಬಲೆಯವರೆಗೆ ಬಂದದ್ದು ಗೋಲಿಗೆ ಮೊದಲೋ ನಂತರವೋ ಎಂದು ಆಮೇಲೆ ತುಂಬ ಸಲ ಲೆಕ್ಕ ಹಾಕಿದ್ದೇನೆ. ಅರ್ಧ ಸಮೋಸ ಯಾವ ಗಡಿಯಾರಕ್ಕೂ ಹೊಂದುವುದಿಲ್ಲ.

ಭಾವ ಕುಂಟುತ್ತ ಹೋದರು. ಬಲೆಯ ಒಳಬದಿಯಲ್ಲೇ ನಿಂತು ಅವಳ ಮುಖ ನೋಡಿದರು.

"ನೋಡಿದೆ ಪಪ್ಪ," ಎಂದಳು. "ಲೆಫ್ಟ್ ಲೆಗ್."

"ಲೆಫ್ಟೇ," ಎಂದರು ಭಾವ. ಬಲೆಯ ಕಣ್ಣಿನಿಂದ ಬೆರಳು ತೂರಿಸಿ ಅವಳ ಸಮೋಸದ ತುಂಡೊಂದನ್ನು ಕಿತ್ತುಕೊಂಡರು.

ಮುಂದಿನ ಊಟಕ್ಕೆ ಹೋದಾಗ ಯಾರೋ ಬಂದವರೆದುರು ಅವಳೇ ಗೋಲಿನ ಕಥೆ ಹೇಳಿದಳು. ಕಾಲೇಜಿನ ಗೋಲು ಮೊದಲು, ಸನದ್ ಗೋಲು ಆಮೇಲೆ, ಎರಡೂ ಎಡಗಾಲಿನವು. ಮೊದಲನೆಯದಕ್ಕೆ ಸಮುದ್ರವನ್ನೂ ಸೇರಿಸಿದಳು, ನಾನು ಹೇಳಿದ ಸಮುದ್ರ. ನಾನು ಅನ್ನಕ್ಕೆ ಸಾರು ಕಲಸುತ್ತ ಕೂತೆ.

ಆ ಚೆಂಡು ಭಾವನ ಕಾಲಿಗೆ ತಾಗಿತ್ತೋ, ಆ ಎದುರಾಳಿಯ ಹೊಟ್ಟೆಗೋ, ನನಗೆ ಗೊತ್ತಿಲ್ಲ. ಅವಳು ನೋಡಿದ್ದಳೋ ಎಂಬುದೂ ಗೊತ್ತಿಲ್ಲ.