ಕೆನ್ನೆಗೆ ಒಪ್ಪಿದ ನೂಲು

ಬೀದಿಯವರಿಗೆಲ್ಲ ಆಕೆ ಟೋಪಿ ಚಿಕ್ಕಮ್ಮ. ಊರಿಗೆಲ್ಲ ಟೋಪಿ ಹಾಕುವವಳು ಎಂದು ಎದುರುಮನೆಯ ದರ್ಜಿ ಛೇಡಿಸಿದರೆ, ಮೊದಲು ನಿನಗೇ ಹಾಕುತ್ತೇನೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೆಲಸದಲ್ಲಿ ಮಾತ್ರ ತಮಾಷೆಯಿರಲಿಲ್ಲ. ಕಾಯಿಲೆಯ ಔಷಧಿಗೆ ಕೂದಲು ಉದುರಿಸಿಕೊಂಡವರಿಗಾಗಿ ಅವಳೂ ಜೊತೆಗಿನ ಇಬ್ಬರು ಹೆಂಗಸರೂ ಮುಂದಿನ ಕೋಣೆಯಲ್ಲಿ ಕೂತು ಹತ್ತಿ ನೂಲಿನ ಟೋಪಿ ಹೆಣೆಯುತ್ತಿದ್ದರು. ಆಸ್ಪತ್ರೆ ಎದುರಿನ ಅಂಗಡಿಯವನು ಅವನ್ನು ಕೊಂಡು ಮಾರುತ್ತಿದ್ದ.

ನೂಲು ಬರುತ್ತಿದ್ದದ್ದು ಒಬ್ಬ ಮುದುಕರ ಸಗಟು ಅಂಗಡಿಯಿಂದ. ಚಿಕ್ಕಮ್ಮ ನೂಲಿನ ಒಂದು ಲಡಿ ತೆಗೆದು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, "ಹೂಂ" ಅಂದರೆ ಪರೀಕ್ಷೆ ಮುಗಿಯಿತು. ಹಾಗೆ ನೋಡುವುದನ್ನು ಕಲಿಸಿದವಳು ಅಕ್ಕ. ಹೆಣಿಗೆಯ ಕಡ್ಡಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಈಗ ಆ ಅಕ್ಕನಿಗೇ ಕಾಯಿಲೆ ಬಂದು, ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಬಾಚಣಿಗೆಗೆ ಕೆಲಸವಿಲ್ಲದಂತಾಯಿತು ಎಂದು ತಾನೇ ನಕ್ಕಿದ್ದಳು.

ಅದೇ ಹೊತ್ತಿಗೆ ಮುದುಕರು ಅಂಗಡಿ ಮುಚ್ಚಿದರು. ಚಿಕ್ಕಮ್ಮ ಸಗಟು ವ್ಯಾಪಾರಿಗಳ ಬಾಗಿಲು ತಟ್ಟುತ್ತ ಚಪ್ಪಲಿ ಸವೆಸಿದಳು. ಒಬ್ಬ ಹತ್ತಿಯೆಂದು ಕೊಟ್ಟ ನೂಲು ಬೆಂಕಿಗೆ ಹಿಡಿದರೆ ಪ್ಲಾಸ್ಟಿಕ್ಕಿನಂತೆ ಗಂಟು ಕಟ್ಟಿತು. ಇನ್ನೊಬ್ಬ ಲಾರಿ ತುಂಬ ಕೊಂಡರೆ ಮಾತ್ರ ಮಾತು ಅಂದ. ಮೂರನೆಯವನು ಫೋನಿನಲ್ಲಿ ನಿಮ್ಮ ಫ್ಯಾಕ್ಟರಿ ಎಲ್ಲಿದೆ ಎಂದು ಕೇಳಿದ. ಚಿಕ್ಕಮ್ಮ ಮೂರು ಕುರ್ಚಿಗಳ ಕಡೆ ನೋಡಿ, ಮುಂದಿನ ಕೋಣೆಯಲ್ಲಿ ಅಂದಳು. ಅವನು ಫೋನಿಟ್ಟುಬಿಟ್ಟ. ಕೆಲಸವಿಲ್ಲದೆ ಕೂತ ಹೆಂಗಸರ ಮುಖ ನೋಡಲಾಗದೆ ಅವಳು ಅಡುಗೆಮನೆ ಸೇರುತ್ತಿದ್ದಳು.

ಕೊನೆಗೆ ಒಂದು ಗೋದಾಮಿನಲ್ಲಿ ಕೆನ್ನೆಗೆ ಹಿಡಿದ ಲಡಿ ಬೆಣ್ಣೆಯ ಹಾಗಿತ್ತು. "ಹೂಂ" ಅಂದಳು. ಮೂಟೆಯೇ ಮನೆಗೆ ಬಂತು. ಮೊದಲ ಟೋಪಿ ಅಕ್ಕನಿಗೆ. ಅಕ್ಕ ಹಾಕಿಕೊಂಡು ಕನ್ನಡಿ ನೋಡಿ, ಚೆನ್ನಾಗಿದೆ ಅಂದಳು. ಚಿಕ್ಕಮ್ಮನಿಗೆ ಹೋದ ಜೀವ ಬಂದಂತಾಯಿತು. ದಿನವೂ ಕಡ್ಡಿಗಳು ಆಡಿದವು, ಟೋಪಿಗಳಿಂದ ಚೀಲ ತುಂಬಿತು.

ಅಂಗಡಿಯವನು ಬರುವ ದಿನ ಬೆಳಿಗ್ಗೆ ಚಿಕ್ಕಮ್ಮ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಳು. ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದು ಅಕ್ಕನ ಹಟ. ಹಗ್ಗದ ಮೇಲಿನ ಟೋಪಿ ಕೈಗೆ ಒರಟಾಗಿ ತಗುಲಿತು. ಕೆನ್ನೆಗೆ ಒತ್ತಿದರೆ ತರಚುವಂತಿತ್ತು. ಮೆತ್ತಗಾಗಲೆಂದು ಗೋದಾಮಿನವರು ನೂಲಿಗೆ ಹಚ್ಚಿದ್ದೆಲ್ಲ ನೀರಿನಲ್ಲಿ ಹೋಗಿತ್ತು. ಮುದುಕರ ನೂಲನ್ನು ಒಗೆದು ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಆ ರೂಢಿಯೇ ಅವಳಿಗೆ ಮುಳುವಾಯಿತು. ಟೋಪಿಯ ಹಿಂದೆ ಇನ್ನೊಂದು ಒಣಗುತ್ತಿತ್ತು: ಹಳೆಯ ದಿಂಬಿನ ಗವಸನ್ನು ತಲೆಯ ಅಳತೆಗೆ ಕತ್ತರಿಸಿ ಹೊಲಿದ ಒಳಟೋಪಿ.

ಅದನ್ನು ಹಿಡಿದುಕೊಂಡೇ ಒಳಗೆ ಹೋದಳು. ಅಕ್ಕನ ಹಣೆಯ ಸುತ್ತ ಕೆಂಪು ಗೆರೆ ಇತ್ತು.

"ಯಾಕೆ ಹೇಳ್ಲಿಲ್ಲ?"

"ಎಷ್ಟು ಅಲೆದೆ ಅಂತ ನೋಡಿಲ್ವಾ ನಾನು? ನೂಲು ಸಿಕ್ತು ಅಂತ ನಿನ್ನ ಮುಖ ಅರಳಿತ್ತು. ಬಾಯಿ ಬರ್ಲಿಲ್ಲ ಕಣೆ."

ಚಿಕ್ಕಮ್ಮನಿಗೆ ಅಕ್ಕನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅಕ್ಕ ನುಂಗಿಕೊಂಡಳು, ಗುರುತಿಲ್ಲದ ಯಾರೋ ಯಾಕೆ ನುಂಗಿಕೊಳ್ಳಬೇಕು?

ಅಂಗಡಿಯವನು ಬಂದಾಗ ಚೀಲ ಕೊಡಲಿಲ್ಲ, ಇದ್ದದ್ದು ಇದ್ದಂತೆ ಹೇಳಿದಳು. ಅವನು ಬೇರೆಯವರ ಹತ್ತಿರ ನೋಡಿಕೊಳ್ಳುತ್ತೇನೆ ಎಂದು ಹೋದ. ಹೆಂಗಸರು ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ನೂಲು ಸಿಕ್ಕ ದಿನ ಹೇಳಿ ಕಳಿಸುತ್ತೇನೆ ಅಂದಳು ಚಿಕ್ಕಮ್ಮ. ಸಿಗುತ್ತದೆಂಬ ಧೈರ್ಯ ಅವಳಿಗೂ ಇರಲಿಲ್ಲ.

ಆಮೇಲೆ ಇನ್ನೊಂದು ಕಡೆಯಿಂದ ಮಾದರಿಯ ಲಡಿ ಬಂತು. ಅಂಗೈಯಗಲ ಹೆಣೆದು, ಮತ್ತೆ ಮತ್ತೆ ಒಗೆದು ಒಣಗಿಸಿದಳು. ಕೆನ್ನೆಗೆ ಮಾತ್ರ ತಾಗಿಸಲಿಲ್ಲ. ಹಿಂದಿನ ಕೋಣೆಗೆ ಹೋಗಿ, ಅಕ್ಕನ ಬರಿದಾದ ತಲೆಯ ಮೇಲೆ ಇಟ್ಟು ಮೆಲ್ಲಗೆ ಒತ್ತಿದಳು.

"ನನ್ನ ಮುಖ ನೋಡ್ಬೇಡ. ಕಣ್ಣು ಮುಚ್ಕೊಂಡು ಹೇಳು."

ಅಕ್ಕ ಕಣ್ಣು ಮುಚ್ಚಿದಳು. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದಳು.

"ಚುಚ್ಚುತ್ತೆ ಕಣೆ," ಅಂದಳು.

ಚಿಕ್ಕಮ್ಮ ಆ ತುಂಡನ್ನು ಮೂಲೆಗೆ ಎಸೆದು, ಅಕ್ಕನ ಪಕ್ಕದಲ್ಲೇ ಕೂತು ಇನ್ನೊಂದು ನೂಲಿನ ಅಂಗಡಿಗೆ ಫೋನು ಹಚ್ಚಿದಳು.