ಬಾಗಿಲಿಗೆ ಅಂಟಿಸಿದ ತಾರೀಖು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮನೆಯ ಬಾಗಿಲ ಮೇಲಿದ್ದ ಕಂಪನಿಯ ಬೋರ್ಡು ಹಸಿರಾಗಿತ್ತೋ ನೀಲಿಯಾಗಿತ್ತೋ, ಈಗ ಹೇಳಲಾರೆ. ಎಂಬತ್ತರ ದಶಕದ ಆರಂಭ. ಆಳಂದದಲ್ಲಿ ಅಪ್ಪನ ತಮ್ಮ, ಕಾಕಾನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಸೊಲ್ಲಾಪುರದ ಕಂಪನಿಯೊಂದು ಜೇವರ್ಗಿ ಕಡೆ ಕಲ್ಲಿನ ಗಣಿ ನಡೆಸುತ್ತಿತ್ತು. ಈ ಕಡೆಗೆಲ್ಲ ಅದರ ವಿಳಾಸ ನಮ್ಮ ಮನೆ. ಕಂಪನಿಯ ಹೆಸರಿಗೆ ಕೋರ್ಟಿನ ಕಾಗದ ಬಂದರೆ ಸಹಿ ಮಾಡಿ ತೆಗೆದುಕೊಂಡು, ಅದೇ ದಿನ ಸೊಲ್ಲಾಪುರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವುದು ಕಾಕಾನ ಕೆಲಸ. ಕಾಕಾನಿಗೆ ಮುಟ್ಟಿದರೆ ಕೋರ್ಟಿನ ಲೆಕ್ಕದಲ್ಲಿ ಕಂಪನಿಗೆ ಮುಟ್ಟಿದಂತೆ.

ಒಂದು ಮಧ್ಯಾಹ್ನ ಕಾಕಾ ಅಫಜಲಪುರಕ್ಕೆ ಹೋಗಿದ್ದಾಗ ಕೋರ್ಟಿನ ಕಾಗದ ಮುಟ್ಟಿಸುವ ಬೇಲೀಫ ಬಂದ. ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲ ಹಿಂದಿನಿಂದಲೇ, “ಮನ್ಯಾಗ ಗಂಡಸರು ಇಲ್ರಿ,” ಎಂದಳು.

“ಇದು ಮೂರನೇ ಸಲ ಯವ್ವಾ. ಬಾಗಲಕ್ಕ ಹಚ್ಚಿ ಹೋಗ್ತೇನಿ.”

ಹಿಂದೆ ಎರಡು ಸಲ ಅವಳು ಅವನನ್ನು ಹೀಗೇ ತಿರುಗಿ ಕಳಿಸಿದ್ದು ನನಗೆ ಆಗಲೇ ತಿಳಿದದ್ದು. ಅವನು ಗೋಂದು ಬಳಿದು ಕಾಗದ ಅಂಟಿಸಿ ಹೋದ.

ನಮ್ಮ ಓಣಿಯಲ್ಲಿ ಬಾಗಿಲಿಗೆ ಕೋರ್ಟಿನ ಕಾಗದ ಎಂದರೆ ಜಪ್ತಿ, ಅಷ್ಟೇ. ಎದುರು ಮನೆಯಾಕೆ, “ಕಾಗದ ಹಿಡಕೊಂಡು ನಿಮ್ಮ ಬಾಗಲಾನೂ ಸಾಲಿ ಕಲಿಯಾಕತ್ತೈತೇನ ಬೇ?” ಎಂದು ನಕ್ಕಳು. ಕಾಕು ನಗಲಿಲ್ಲ. ತಾಮ್ರದ ಹಂಡೆ, ಕೊಡಗಳನ್ನು ಹಿತ್ತಿಲ ಗೋಡೆಯ ಮೇಲಿಂದ ನಾವು ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯಾಕೆಗೆ ದಾಟಿಸಿದಳು. ನನ್ನಿಂದ ಕಾಗದ ಓದಿಸಿ, ನೀರು ಹಚ್ಚಿ ಕೆರೆದು ಒಲೆಗೆ ಹಾಕಿದಳು. ‘ಹಾಜರಾಗಲು ತಪ್ಪಿದಲ್ಲಿ’ ಎಂಬುದನ್ನು ನಾನು ಎರಡು ಸಲ ಓದಿದ್ದು ಮಾತ್ರ ಖಚಿತ.

ಸಂಜೆ ಕಾಕಾ ಬಂದು, ನಡೆದದ್ದನ್ನು ಕೇಳಿ, ಗೋಂದಿನ ಕಲೆ ಮುಟ್ಟಿ ನೋಡಿದ. “ಹಾಜರಾಗೂ ತಾರೀಖು ಎಷ್ಟಿತ್ತವ್ವಾ? ನೀ ಓದಿದಾಕಿ.”

“ಇಪ್ಪತ್ತೆರಡು,” ಎಂದೆ. ಗೊತ್ತಿಲ್ಲ ಎನ್ನುವ ಧೈರ್ಯವಿರಲಿಲ್ಲ. ಕಾಕು ನನ್ನ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಇಪ್ಪತ್ತೆರಡನೇ ತಾರೀಖಿಗೆ ಕಂಪನಿಯ ವಕೀಲರು ಜೇವರ್ಗಿ ಕೋರ್ಟಿಗೆ ಹೋದರು. ಹತ್ತು ದಿನ ಮೊದಲೇ, ಹನ್ನೆರಡನೇ ತಾರೀಖಿಗೇ, ಯಾರೂ ಹಾಜರಿಲ್ಲವೆಂದು, ಕಂಪನಿಯ ವಿರುದ್ಧ ಆದೇಶವಾಗಿತ್ತು. ಮರುದಿನ ಕಂಪನಿಯ ಜೀಪು ಬಂತು. “ಕಾಗದ ಮುಚ್ಚಿಟ್ಟೀರಂತ ನಿಮ್ಮ ಮ್ಯಾಲೇ ಕೇಸ್ ಹಾಕ್ತೇವ್ರಿ,” ಎನ್ನುತ್ತ ಕಾಕಾನನ್ನು ಕರೆದೊಯ್ದರು. ಜೈಲಿಗೇ ಎಂದುಕೊಂಡೆ. ಎರಡು ದಿನ ಓಣಿಯಲ್ಲಿ ಯಾವ ಗಾಡಿಯ ಸದ್ದಾದರೂ ಅಡುಗೆಮನೆಯ ಮೂಲೆ ಸೇರುತ್ತಿದ್ದೆ. ಮೂರನೆಯ ದಿನ ಅವನು ಬಸ್ಸಿನಲ್ಲಿ ಬಂದು, ಬೋರ್ಡು ಕಿತ್ತ. ನನ್ನನ್ನು ಏನೂ ಕೇಳಲಿಲ್ಲ. ಕೇಳುತ್ತಾನೆಂಬ ಹೆದರಿಕೆ ಅವನು ಸಾಯುವವರೆಗೂ ಹೋಗಲಿಲ್ಲ.

ವಿಶ್ವವಿದ್ಯಾಲಯ ಮುಗಿಸಿ ಆಳಂದಕ್ಕೆ ಹೋದಾಗ, ಕಾಕು ತೊಗರಿ ಹಸನು ಮಾಡುತ್ತಿದ್ದಳು. ಅವತ್ತು ಕೇಳಿದೆ:

“ಕಾಕು, ಒಲಿಗೆ ಹಾಕೂ ಮೊದಲ ನಿನಗ ಓದಿ ಹೇಳಿದ್ನಲ್ಲ, ಆಗ ನಾ ಹನ್ನೆರಡು ಅಂದಿದ್ನೋ, ಇಪ್ಪತ್ತೆರಡೋ?”